ಕೋಡುಬಳೆ ಅಪಘಾತ ಹೌದೋ ಅಲ್ಲವೋ

ಗೌರಿ ಹಬ್ಬದ ಮರುದಿನ ಅತ್ತಿಗೆ ಕಳುಹಿಸಿದ್ದ ಡಬ್ಬಿ ತೆರೆದು ಒಂದು ಕೋಡುಬಳೆ ಬಾಯಿಗಿಟ್ಟು ಕಡಿದೆ. ‘ಕಟ್’ ಎಂದಿತು. ಕಟ್ ಎನ್ನುವುದು ಕೋಡುಬಳೆಯ ಧರ್ಮ. ಎನ್ನದಿದ್ದರೆ ಮೆತ್ತಗಾಗಿದೆ ಎಂದು ಮುಖ ಸಿಂಡರಿಸುವವರೂ ನಾವೇ. ಆದರೆ ಅಂಗೈಗೆ ಉಗುಳಿಕೊಂಡು ನೋಡಿದರೆ ಕೋಡುಬಳೆಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಚೂರೊಂದು ಬಿದ್ದಿತ್ತು. ನಾಲಿಗೆ ಯಾರೂ ಹೇಳದೆಯೇ ಬಲಗಡೆಯ ಕೆಳದವಡೆಗೆ ಹೋಗಿ ತಡಕಾಡಿತು. ನಿನ್ನೆಯವರೆಗೆ ಗೋಡೆಯಿದ್ದಲ್ಲಿ ಈಗ ಕಿಟಕಿ.

ನಮ್ಮ ಬೀದಿಯಲ್ಲಿ ಮೂರು ದಂತ ಚಿಕಿತ್ಸಾಲಯಗಳಿವೆ. 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯದಲ್ಲಿ ಇದೇನೂ ಅತಿಶಯವಲ್ಲ. ಬೇಕರಿಗಳೂ ಮೂರಿವೆ. ಒಬ್ಬರ ಗಿರಾಕಿಗಳು ಕಾಲಕ್ರಮೇಣ ಇನ್ನೊಬ್ಬರ ಬಳಿಗೆ ನಡೆದುಕೊಂಡೇ ಹೋಗುತ್ತಾರೆ. ನಾನೂ ನಡೆದು ಹೋದೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆದು, ಪರದೆಯ ಮೇಲೆ ನನ್ನ ಹಲ್ಲನ್ನು ದೇವಸ್ಥಾನದ ಗೋಪುರದಷ್ಟು ದೊಡ್ಡದಾಗಿ ತೋರಿಸಿ, ‘ರೂಟ್ ಕೆನಾಲ್ ಆಗಬೇಕು ಅಂಕಲ್, ಮೇಲೊಂದು ಕ್ಯಾಪ್. ಅದು 6,500, ಇದು 7,000’ ಎಂದರು.

ನಾನು ಒಂದಿಷ್ಟೂ ಅಂಜದೆ ಜೇಬಿನಿಂದ ಆರೋಗ್ಯ ವಿಮೆಯ ಕಾರ್ಡು ತೆಗೆದು ಹೊರಗಿನ ಮೇಜಿನ ಮೇಲಿಟ್ಟೆ. ಹತ್ತು ಲಕ್ಷದ ಪಾಲಿಸಿ. ಹನ್ನೊಂದು ವರ್ಷದಿಂದ ತಪ್ಪದೆ ಕಟ್ಟುತ್ತಾ ಬಂದವನು, ಒಂದು ಮಾತ್ರೆಯ ಹಣವನ್ನೂ ಕೇಳದವನು. ಅಲ್ಲಿ ಕುಳಿತಿದ್ದ ಹುಡುಗಿ ಕಾರ್ಡನ್ನು ಮುಟ್ಟಲೂ ಇಲ್ಲ. ‘ಒಳಗಿಟ್ಟುಕೊಳ್ಳಿ ಅಂಕಲ್, ಎಲ್ಲಾದರೂ ಕಳೆದುಹೋದೀತು’ ಎಂದಳು.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆಯೇ. ಮನೆಗೆ ಬಂದು ಪಾಲಿಸಿಯನ್ನು ಮೊದಲ ಬಾರಿಗೆ ಓದಿದೆ. ತಲೆಗೂದಲ ಬುಡದಿಂದ ಕಾಲಿನ ಕಿರುಬೆರಳಿನವರೆಗೆ ಕಂಪನಿಗೆ ನನ್ನ ಮೇಲೆ ಅಪಾರ ಮಮತೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಳ್ಳಿ, ಮಂಡಿ ಬದಲಿಸಿಕೊಳ್ಳಿ, ಪಿತ್ತಕೋಶ ತೆಗೆಸಿ. ದಾರಿಯಲ್ಲಿ ಬಾಯಿ ಎಂಬ ಊರು ಬಂದಾಗ ಮಾತ್ರ ಬಸ್ಸು ನಿಲ್ಲುವುದಿಲ್ಲ. ಬಾಯೊಳಗೆ ನಾಲಿಗೆಗೆ ರೋಗ ಬಂದರೂ ನಿಲ್ಲುತ್ತದೆ, ಗಂಟಲಿಗೆ ಬಂದರೂ ನಿಲ್ಲುತ್ತದೆ, ಹಲ್ಲಿಗಿಲ್ಲ. ಮೂವತ್ತೆರಡು ಜನ ಬಾಡಿಗೆದಾರರು ನನ್ನ ದೇಹದಲ್ಲಿ ಅನಧಿಕೃತವಾಗಿ ವಾಸವಾಗಿದ್ದಾರೆಂದು ನನಗೆ ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಒಂದು ವಿನಾಯಿತಿ ಇದೆ. ಅಪಘಾತ. ಅಪಘಾತದಿಂದ ಹಲ್ಲು ಮುರಿದು, ಅದಕ್ಕಾಗಿ ಆಸ್ಪತ್ರೆಗೆ ದಾಖಲಾದರೆ ಹಣ ಉಂಟು. ಅಪಘಾತವೆಂದರೆ ಏನೆಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಒಂದೇ ಅಳತೆಯ ವ್ಯಾಖ್ಯೆ ಹೊಲಿದುಕೊಟ್ಟಿದೆ: ಹಠಾತ್ತಾಗಿ, ಅನಿರೀಕ್ಷಿತವಾಗಿ, ಇಚ್ಛೆಯಿಲ್ಲದೆ, ಬಾಹ್ಯವೂ ಗೋಚರವೂ ಹಿಂಸಾತ್ಮಕವೂ ಆದ ಕಾರಣದಿಂದ ನಡೆದ ಘಟನೆ.

ಓದುತ್ತಿದ್ದಂತೆ ನನ್ನಲ್ಲಿದ್ದ ವಕೀಲ ಎದ್ದು ಕುಳಿತ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ.

‘ಅಪಘಾತವಾಗಿದೆಯಮ್ಮ.’

‘ಯಾವ ವಾಹನ ಸಾರ್?’

‘ಕೋಡುಬಳೆ.’

ಆ ಕಡೆ ಸ್ವಲ್ಪ ಹೊತ್ತು ಮೌನ. ನಾನು ನನ್ನ ವಾದ ಮಂಡಿಸಿದೆ. ಕೋಡುಬಳೆ ಬಾಹ್ಯ ವಸ್ತು. ಕಡಿಯುವ ಮುನ್ನ ಡಬ್ಬಿಯಲ್ಲಿತ್ತು, ನನ್ನ ದೇಹದಲ್ಲಿರಲಿಲ್ಲ. ಗೋಚರ, ನನ್ನ ಹೆಂಡತಿಯೂ ನೋಡಿದ್ದಾಳೆ. ಹಠಾತ್, ಅನಿರೀಕ್ಷಿತ ಎಂಬುದರಲ್ಲಿ ಸಂಶಯವೇ ಇಲ್ಲ. ಹಿಂಸಾತ್ಮಕವೋ ಅಲ್ಲವೋ ಎಂಬುದಕ್ಕೆ ನಮ್ಮ ಅತ್ತಿಗೆಯ ಕೈಯ ಕೋಡುಬಳೆ ತಿಂದ ಯಾರನ್ನು ಬೇಕಾದರೂ ಸಾಕ್ಷಿಗೆ ಕರೆಸಬಲ್ಲೆ. (ಅಣ್ಣ ಬರಲಿಕ್ಕಿಲ್ಲ. ಅವನಿಗೆ ಆ ಮನೆಯಲ್ಲಿ ಇನ್ನೂ ಬಾಳಬೇಕಿದೆ.)

ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಆದರೆ ಸಾರ್, ಇಚ್ಛೆಯಿಲ್ಲದೆ ಎಂದಿದೆ. ಕೋಡುಬಳೆಯನ್ನು ಬಾಯಿಗೆ ಹಾಕಿಕೊಂಡವರು ಯಾರು?’ ಎಂದಳು.

ಸುಪ್ರೀಂ ಕೋರ್ಟಿನಲ್ಲಿ ಇರಬೇಕಾದವಳು ಸಹಾಯವಾಣಿಯಲ್ಲಿ ಕುಳಿತಿದ್ದಾಳೆ. ಈ ದೇಶದ ನಿರುದ್ಯೋಗದ ಬಗ್ಗೆ ಬೇರೆ ಮಾತು ಬೇಕೆ? ‘ಅರ್ಜಿ ಹಾಕಿ ಸಾರ್, ಪರಿಶೀಲಿಸುತ್ತಾರೆ’ ಎಂದು ಆಕೆಯೇ ಸಮಾಧಾನ ಹೇಳಿದಳು. ಹಾಕಿದೆ.

ಹಾಗೆ ನೋಡಿದರೆ ಬೆಂಗಳೂರಿಗರಿಗೆ ಈ ವಿನಾಯಿತಿಯೊಂದು ವರ. ಹಲ್ಲು ನೋವು ಶುರುವಾದ ಕೂಡಲೇ ದಂತವೈದ್ಯರ ಬಳಿ ಓಡುವವನು ಮೂರ್ಖ. ಜಾಣನಾದವನು ಸ್ಕೂಟರ್ ತೆಗೆದುಕೊಂಡು, ನೋಯುವ ದವಡೆ ಯಾವ ಕಡೆಗಿದೆ ಎಂದು ನೋಡಿ, ಅದೇ ಕಡೆಯ ಗುಂಡಿಗೆ ಇಳಿಯಬೇಕು. ನಗರಪಾಲಿಕೆ ಎಲ್ಲ ವಾರ್ಡುಗಳಲ್ಲೂ ಉಚಿತವಾಗಿ ಸೌಲಭ್ಯ ಒದಗಿಸಿದೆ. ಆದರೆ ಬಿದ್ದು ಮುರಿದುಕೊಂಡರಷ್ಟೇ ಸಾಲದು, ಕೆಲವು ಪಾಲಿಸಿಗಳ ಪ್ರಕಾರ ಮುರಿದದ್ದು ‘ಸದೃಢವಾದ ನೈಸರ್ಗಿಕ ಹಲ್ಲು’ ಆಗಿರಬೇಕು. ಹುಳುಕು ಹಲ್ಲು ಮುರಿದರೆ ಅದು ಅಪಘಾತವಲ್ಲ, ವಿಧಿ. ಜೊತೆಗೆ 24 ಗಂಟೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರಬೇಕು. ಒಂದೇ ದಿನದಲ್ಲಿ ಮುಗಿಯುವ ಕೆಲವು ಚಿಕಿತ್ಸೆಗಳಿಗೆ ಈ ನಿಯಮದಿಂದ ಬಿಡುಗಡೆ ಇದೆ, ನಿಜ. ಆದರೆ ಹಲ್ಲಿನ ಹುಳುಕಿಗೆ ಚಿಕಿತ್ಸೆ ನಡೆಯುವುದು ಕುರ್ಚಿಯಲ್ಲಿ. ಮಲಗಿದವನಿಗೆ ವಿಮೆ, ಒರಗಿದವನಿಗೆ ಇಲ್ಲ.

2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಪ್ರಮಾಣಿತ ಪಾಲಿಸಿ ರೋಗದಿಂದ ಬೇಕಾದ ದಂತ ಚಿಕಿತ್ಸೆಯನ್ನೂ ಒಪ್ಪುತ್ತದೆ ಎಂದು ಯಾರೋ ಹೇಳಿದರು. ತೆರೆದು ನೋಡಿದೆ. ಒಪ್ಪುತ್ತದೆ. ಆಸ್ಪತ್ರೆಗೆ ಸೇರಿದರೆ.

ಇದರಲ್ಲೊಂದು ವೈದ್ಯಕೀಯ ರಹಸ್ಯವೂ ಅಡಗಿದೆ. ಹುಳುಕು ಹಲ್ಲನ್ನು ಹಾಗೆಯೇ ಬಿಟ್ಟು, ಹಲ್ಲು ಕಚ್ಚಿಕೊಂಡು (ಇರುವ ಹಲ್ಲನ್ನು) ಸಹಿಸುತ್ತಾ ಹೋದರೆ ಕೀವು ದವಡೆಯಿಂದ ಕತ್ತಿನ ಕಡೆಗೆ ಇಳಿಯಬಹುದು. ಕೊರಳು ಊದಿ, ಉಸಿರು ಕಟ್ಟಿ, ತೀವ್ರ ನಿಗಾ ಘಟಕ ಸೇರಬೇಕಾಗಬಹುದು. ಆಗ ಅದು ಹಲ್ಲಿನ ವಿಷಯವಾಗಿ ಉಳಿಯುವುದಿಲ್ಲ, ಘನವಾದ ಸೋಂಕಾಗುತ್ತದೆ. ಲಕ್ಷಗಟ್ಟಲೆ ಬಿಲ್ಲನ್ನು ಕಂಪನಿ ಕೊಡುವ ಸಂಭವ ಉಂಟು. 6,500 ಕೊಟ್ಟು ತಡೆಯಬಹುದಾದದ್ದನ್ನು ತಡೆಯಲು ಮಾತ್ರ ಕೊಡುವುದಿಲ್ಲ. ಲೆಕ್ಕ ಗೊತ್ತಿರುವವರೇ ಕುಳಿತು ಬರೆದ ನಿಯಮ ಇದು, ನಾವು ನೀವು ತಲೆ ಕೆಡಿಸಿಕೊಳ್ಳಬಾರದು.

ಅರ್ಜಿ ಹಾಕಿದ ಎರಡನೆಯ ದಿನ ಇನ್ನೊಂದು ಫೋನು ಬಂತು. ನನ್ನ ನೋವಿನ ವಾಸನೆ ಮಾರಾಟ ವಿಭಾಗಕ್ಕೆ ಹೇಗೆ ಹೋಯಿತೋ ತಿಳಿಯದು. ಈ ಸಲ ಒಬ್ಬ ಹುಡುಗ. ‘ಸಾರ್, ಹಲ್ಲಿಗೆಂದೇ ಪ್ರತ್ಯೇಕ ರಕ್ಷಣೆ ಇದೆ, ವರ್ಷಕ್ಕೆ ಬರೀ 3,200 ರೂಪಾಯಿ’ ಎಂದ. ನಾನು ಕಾಗದ, ಪೆನ್ನು ತೆಗೆದುಕೊಂಡು ಕುಳಿತೆ. ವರ್ಷಕ್ಕೆ ಹೆಚ್ಚೆಂದರೆ 5,000 ರೂಪಾಯಿ ಕೊಡುತ್ತಾರೆ. ಮೊದಲ 90 ದಿನ ಏನೂ ಇಲ್ಲ. ಹಲ್ಲು ಸ್ವಚ್ಛಗೊಳಿಸುವುದು ಒಂದು ಸಲ ಉಚಿತ. ರೂಟ್ ಕೆನಾಲಿಗೆ ಅರ್ಧ ಹಣ. ಕ್ಯಾಪಿಗೆ ಇಲ್ಲ, ಅದು ‘ಸೌಂದರ್ಯವರ್ಧನೆ’. ಯಾರಿಗೂ ಕಾಣದ ಕೆಳದವಡೆಯ ಕೊನೆಯ ಹಲ್ಲಿಗೆ ಟೋಪಿ ಹಾಕಿಸಿಕೊಂಡು ನಾನು ಯಾರ ಮುಂದೆ ಮೆರೆಯಬೇಕು? ನರ ತೆಗೆದ ದವಡೆ ಹಲ್ಲು ಕ್ಯಾಪಿಲ್ಲದೆ ಬಿಟ್ಟರೆ ಸೀಳಿಹೋಗುವ ಭಯವಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗೋಡೆಗೆ ಸಹಾಯಧನ ಕೊಟ್ಟು ಸೂರನ್ನು ಅಲಂಕಾರವೆಂದು ಕರೆಯುವ ವಸತಿ ಯೋಜನೆಯೂ ಇರಬಹುದು, ಹುಡುಕಿದರೆ ಸಿಕ್ಕೀತು.

ಲೆಕ್ಕ ಮುಂದುವರಿಸಿದೆ. 6,500ರ ಅರ್ಧ 3,250. ಕಟ್ಟಿದ್ದು 3,200. ಲಾಭ ಐವತ್ತು ರೂಪಾಯಿ! ಸಂತೋಷದಿಂದ ಕುಣಿಯುವವನಿದ್ದೆ. ಅಷ್ಟರಲ್ಲಿ ಹುಡುಗ, ‘ನಮ್ಮ ಪಟ್ಟಿಯಲ್ಲಿರುವ ಚಿಕಿತ್ಸಾಲಯಕ್ಕೇ ಹೋಗಬೇಕು ಸಾರ್’ ಎಂದ. ಬೀದಿಯ ಮೂರರಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ. ಇರುವುದು ಮಾರತಹಳ್ಳಿಯಲ್ಲಿ. ನಾನಿರುವುದು ಬನಶಂಕರಿಯಲ್ಲಿ. ರೂಟ್ ಕೆನಾಲಿಗೆ ಮೂರು ಸಲ ಹೋಗಬೇಕು. ಹೋಗಿ ಬರುವ ಆಟೊ, ದಾರಿಯಲ್ಲಿ ಕಳೆಯುವ ಅರ್ಧ ಆಯುಷ್ಯ. ಐವತ್ತು ರೂಪಾಯಿ ಸಿಲ್ಕ್ ಬೋರ್ಡ್ ದಾಟುವ ಮೊದಲೇ ಖರ್ಚಾಗುತ್ತದೆ.

ವಿಮೆ ಎಂದರೆ ಏನು? ಮನೆಗೆ ಬೆಂಕಿ ಬೀಳಬಹುದು, ಬೀಳದಿರಬಹುದು. ಸಾವಿರ ಜನ ಸ್ವಲ್ಪ ಸ್ವಲ್ಪ ಹಾಕಿಟ್ಟರೆ ಬಿದ್ದ ಒಬ್ಬನಿಗೆ ಆಸರೆಯಾಗುತ್ತದೆ. ಹಲ್ಲಿನ ವಿಷಯದಲ್ಲಿ ‘ಬೀಳದಿರಬಹುದು’ ಎಂಬುದು ಎಲ್ಲಿದೆ? ಕಾಫಿ ಕುಡಿಯುವ, ಮೈಸೂರುಪಾಕು ತಿನ್ನುವ ಕನ್ನಡಿಗನ ಹಲ್ಲು ಇವತ್ತಲ್ಲ ನಾಳೆ ಕೈಕೊಟ್ಟೇ ಕೊಡುತ್ತದೆ. ಅದು ಕಂಪನಿಗೂ ಗೊತ್ತು. ಆದ್ದರಿಂದ ನಮ್ಮ ಹಣವನ್ನು ನಮ್ಮಿಂದಲೇ ವಸೂಲು ಮಾಡಿ, ತನ್ನ ಖರ್ಚು ಕಳೆದು, ಮೇಲೊಂದು ಮಿತಿ ಹಾಕಿ ವಾಪಸು ಕೊಡುತ್ತದೆ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಚೀಟಿ. ನಮ್ಮ ಬೀದಿಯ ಚೀಟಿಯವರು ವಾಸಿ, ಕೊನೆಗೆ ಕೂಗುವವನಿಗೆ ಪೂರ್ತಿ ಹಣ ಕೊಡುತ್ತಾರೆ. ಓಡಿಹೋಗದಿದ್ದರೆ.

ಅಮೆರಿಕದಲ್ಲಿ ಹೀಗಿಲ್ಲ ಎಂದುಕೊಂಡಿದ್ದೆ. ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಕಚೇರಿಯಿಂದಲೇ ದಂತ ವಿಮೆ. ಅಲ್ಲಿನ ಪಶ್ಚಿಮ ತೀರದ ಬಂದರು ಕಾರ್ಮಿಕರ ಸಂಘ 1954ರಲ್ಲಿ ಸದಸ್ಯರ ಮಕ್ಕಳ ಹಲ್ಲಿಗೆಂದು ಹೋರಾಡಿ ಪಡೆದುಕೊಂಡ ಸೌಲಭ್ಯದಿಂದ ಬೆಳೆದ ಮರ ಅದು. ವೃದ್ಧರಿಗೆಂದು 1965ರಲ್ಲಿ ಅಲ್ಲಿನ ಸರ್ಕಾರ ಮೆಡಿಕೇರ್ ಎಂಬ ಆರೋಗ್ಯ ವಿಮೆ ತಂದಾಗಲೂ ಸಾಮಾನ್ಯ ದಂತ ಚಿಕಿತ್ಸೆಯನ್ನು ಹೊರಗೇ ನಿಲ್ಲಿಸಿತು. ಮುದುಕರಿಗೇಕೆ ಹಲ್ಲು? ಕಂಪನಿಗಳ ವಾರ್ಷಿಕ ಮಿತಿ 1970ರ ದಶಕದಲ್ಲಿ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಈಗಲೂ ಎಷ್ಟೋ ಪಾಲಿಸಿಗಳಲ್ಲಿ ಸಾವಿರ, ಸಾವಿರದೈನೂರು. ಐವತ್ತು ವರ್ಷದಲ್ಲಿ ಜಗತ್ತಿನಲ್ಲಿ ಎಲ್ಲದರ ಬೆಲೆ ಏರಿತು, ಹಲ್ಲಿನ ವಿಮೆಯ ಮಿತಿ ಮಾತ್ರ ಸ್ಥಿತಪ್ರಜ್ಞನಂತೆ ನಿಂತಿದೆ. ಒಂದು ರೂಟ್ ಕೆನಾಲ್, ಒಂದು ಕ್ಯಾಪು ಎನ್ನುವಷ್ಟರಲ್ಲಿ ವರ್ಷದ ಮಿತಿ ಮುಗಿಯುತ್ತದೆ. ಹಾಗಾಗಿ ತಂಗಿಯ ಮಗ ಡಿಸೆಂಬರಿನಲ್ಲಿ ಬರುವಾಗ ಒಂದು ಪಟ್ಟಿ ತರುತ್ತಾನೆ: ಸಾರಿನ ಪುಡಿ ಎರಡು ಕಿಲೊ, ಚಟ್ನಿಪುಡಿ ಒಂದು ಕಿಲೊ, ರೂಟ್ ಕೆನಾಲ್ ಎರಡು. ‘ಮಾವ, ವಿಮೆಯ ನಂತರ ಅಲ್ಲಿ ಕೈಯಿಂದ ಹಾಕುವ ಹಣಕ್ಕೆ ಇಲ್ಲಿ ಪೂರ್ತಿ ಬಾಯಿ ಮುಗಿಯುತ್ತದೆ’ ಎನ್ನುತ್ತಾನೆ. ಜಯನಗರದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗಲೂ ಅವನ ಸಂಬಳದಿಂದ ಅಲ್ಲಿ ಪ್ರೀಮಿಯಂ ಕಡಿತವಾಗುತ್ತಿರುತ್ತದೆ.

ನಮ್ಮ ಸರ್ಕಾರಗಳನ್ನು ಬೈಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪೇಸ್ಟು, ಬ್ರಷ್ಷುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಪೂರ್ತಿ ಹೋಯಿತು. ತೆರಿಗೆ ಹೋದದ್ದಕ್ಕೆ ಸಂಭ್ರಮಿಸುತ್ತಿದ್ದಾಗ ನನ್ನ ನವೀಕರಣದ ಚೀಟಿ ಬಂತು. ನಾನು ‘ಹೊಸ ವಯೋಮಾನ’ಕ್ಕೆ ಬಡ್ತಿ ಪಡೆದಿದ್ದೆನಂತೆ. ಹೋದ ತೆರಿಗೆ ನೆರೆಮನೆಯ ಬೆಕ್ಕಿನಂತೆ ಹಿತ್ತಿಲಿನಿಂದ ಒಳಗೆ ಬಂದು ಕುಳಿತಿತ್ತು. ರಾಜ್ಯ ಸರ್ಕಾರವಂತೂ ಹತ್ತು ವರ್ಷಕ್ಕೂ ಹಿಂದೆಯೇ ‘ದಂತ ಭಾಗ್ಯ’ ಎಂಬ ಯೋಜನೆ ತಂದು ಬಡ ವೃದ್ಧರಿಗೆ ಉಚಿತ ದಂತಪಂಕ್ತಿ ಕಟ್ಟಿಸಿಕೊಟ್ಟಿತು. ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಇಲ್ಲಿ ದಾನಕ್ಕೆ ಬಂದದ್ದೇ ಹಲ್ಲು. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಮುದುಕಿಯೊಬ್ಬಳು ಮತ್ತೆ ರೊಟ್ಟಿ ಅಗಿಯುವುದು ಸಣ್ಣ ಮಾತಲ್ಲ. ಆದರೆ ಹಲ್ಲೆಲ್ಲ ಉದುರುವವರೆಗೆ ಕಾಯುವುದು ಯಾಕೆ?

ಪಾವಗಡದ ಕಡೆ ಹೋಗಿ ನೋಡಿ. ಕೋಲಾರ, ಬಾಗೇಪಲ್ಲಿಯ ಹಳ್ಳಿಗಳಲ್ಲಿ ನೋಡಿ. ಬಲು ಆಳಕ್ಕೆ ಕೊರೆದ ಕೊಳವೆಬಾವಿಯ ನೀರಿನ ಫ್ಲೋರೈಡ್ ಕುಡಿದು ಬೆಳೆದ ಮಕ್ಕಳು ನಗುವಾಗ ಅಂಗೈ ಅಡ್ಡ ಹಿಡಿಯುತ್ತಾರೆ. ಹಲ್ಲಿನ ಮೇಲೆ ಕಂದು ಪಟ್ಟೆ. ಏಳೆಂಟು ವರ್ಷದೊಳಗೆ, ಹಲ್ಲು ಇನ್ನೂ ವಸಡಿನಡಿ ರೂಪುಗೊಳ್ಳುವಾಗಲೇ ಕೂತ ಬಣ್ಣ ಅದು, ಯಾವ ಪೇಸ್ಟಿಗೂ ಹೋಗುವುದಿಲ್ಲ. ಆ ಮಕ್ಕಳಲ್ಲೊಬ್ಬ ಹುಡುಗಿ ನಾಳೆ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿ ವಿಮೆ ಮಾಡಿಸಿದಳೆಂದುಕೊಳ್ಳಿ. ಅವಳ ಹಲ್ಲಿನದು ಸೌಂದರ್ಯದ ಸಮಸ್ಯೆ ಎನ್ನುತ್ತಾರೆ, ಅಥವಾ ಮೊದಲೇ ಇದ್ದ ಕಾಯಿಲೆ ಎನ್ನುತ್ತಾರೆ. ಮೊದಲೇ ಇದ್ದದ್ದು ನಿಜ. ಅವಳಿಗೆ ಕುಡಿಯಲು ಬೇರೆ ನೀರು ಕೊಡದವರೂ ಮೊದಲೇ ಇದ್ದರು. ಇದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಪ್ರಯತ್ನಿಸಿದೆ.

ನಮ್ಮಜ್ಜಿ ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಿದ್ದಳು. ಆ ಗಾದೆ ಹುಟ್ಟಿದ ಕಾಲದಲ್ಲಿ ಕಡಲೆಗೂ ಹಲ್ಲಿಗೂ ನಡುವೆ 90 ದಿನದ ಕಾಯುವ ಅವಧಿ ಇರಲಿಲ್ಲ.

13,500ನ್ನು ನಾನೇ ಕಟ್ಟಿದೆ, ಎರಡು ಕಂತಿನಲ್ಲಿ. ತಾತ್ಕಾಲಿಕ ಕ್ಯಾಪು ಕೂತಿದೆ, ಎಡಗಡೆಯಿಂದ ಅಗಿಯುತ್ತಿದ್ದೇನೆ. ಕೋಡುಬಳೆ ಡಬ್ಬಿಯನ್ನು ಹೆಂಡತಿ ಅಟ್ಟದ ಮೇಲಿಟ್ಟಿದ್ದಾಳೆ. ಮೊನ್ನೆ ಕಂಪನಿಯಿಂದ ಇಮೇಲ್ ಬಂತು. ಅರ್ಜಿ ತಿರಸ್ಕೃತವಾಗಿಲ್ಲ! ಹೆಚ್ಚಿನ ದಾಖಲೆ ಬೇಕಂತೆ: ಘಟನೆಗೆ ಮುನ್ನ ಸದರಿ ಹಲ್ಲು ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ಪುರಾವೆ.

ಕೆಳದವಡೆಯ ಕೊನೆಯ ಹಲ್ಲಿನ ಫೋಟೊ ಯಾರು ತೆಗೆಸಿಟ್ಟಿರುತ್ತಾರೆ? ಬೀರು, ಅಲಮಾರು ಎಲ್ಲ ಹುಡುಕಿದೆವು. ಕೊನೆಗೆ ಹೆಂಡತಿಯೇ ಮದುವೆಯ ಆಲ್ಬಮ್ ತಂದಳು. ಭೂಮದೂಟದ ಚಿತ್ರ. ಅವಳು ನನ್ನ ಬಾಯಿಗೆ ಒಂದು ಇಡೀ ಲಾಡು ತುರುಕುತ್ತಿದ್ದಾಳೆ, ನಾನು ಹುಲಿಯಂತೆ ಬಾಯಿ ತೆರೆದಿದ್ದೇನೆ. ಬಲಗಡೆ, ಲಾಡುವಿನ ಹಿಂದೆ, ಸ್ವಲ್ಪ ಮಸುಕಾಗಿ, ಒಂದು ಬಿಳಿ ಚುಕ್ಕೆ ಕಾಣುತ್ತದೆ. ಹಲ್ಲೋ, ಗೋಡಂಬಿಯೋ, ಇಬ್ಬರಿಗೂ ಖಾತ್ರಿಯಿಲ್ಲ. ಸ್ಕ್ಯಾನ್ ಮಾಡಿ ಕಳುಹಿಸಿದ್ದೇನೆ.