ನಾರ್ಕೊಂಡಮ್ ಮಂಗಟ್ಟೆ ಹ್ಯಾವ್‌ಲಾಕ್‌ನಲ್ಲಿ ಸಿಗುವುದಿಲ್ಲ

‘ಅಂಡಮಾನಿಗೆ ಹೋದವರು ಹ್ಯಾವ್‌ಲಾಕ್ ದ್ವೀಪದಲ್ಲಿ ಬೆಳಗ್ಗೆ ಬೇಗ ಎದ್ದರೆ ಸಾಕು, ನಾರ್ಕೊಂಡಮ್ ಮಂಗಟ್ಟೆ ಕಾಣುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಚಿತ್ರಸಮೇತ ಹರಿದಾಡುತ್ತಿದೆ. ಇದು ತಪ್ಪು.

ಮಂಗಟ್ಟೆ, ಅಂದರೆ ಹಾರ್ನ್‌ಬಿಲ್, ಜಾತಿಯ ಈ ಹಕ್ಕಿಗೆ ಇಡೀ ಜಗತ್ತಿನಲ್ಲಿ ಇರುವುದು ಒಂದೇ ಮನೆ: ಪೋರ್ಟ್ ಬ್ಲೇರ್‌ನಿಂದ ಸುಮಾರು 260 ಕಿ.ಮೀ. ದೂರದ ನಾರ್ಕೊಂಡಮ್. ಸುಮಾರು ಏಳು ಚದರ ಕಿ.ಮೀ.ಯಷ್ಟೇ ಇರುವ, ಕಾಡು ಹೊದ್ದ ಜ್ವಾಲಾಮುಖಿ ದ್ವೀಪ ಅದು. ವನ್ಯಧಾಮವಾದ್ದರಿಂದ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ; ಪ್ರವಾಸಿ ದೋಣಿಗಳೂ ಹೋಗುವುದಿಲ್ಲ. ಅಂಡಮಾನಿನ ಬೇರೆ ಯಾವ ದ್ವೀಪದಲ್ಲೂ ಮಂಗಟ್ಟೆಗಳ ನೆಲೆಯಿಲ್ಲ.

ಇನ್ನು ಆ ಚಿತ್ರ. ಅದರಲ್ಲಿರುವುದು ನಮ್ಮ ದಾಂಡೇಲಿಯಲ್ಲಿ ಕಾಣುವ ಮಲಬಾರ್ ಕಪ್ಪುಬಿಳುಪು ಮಂಗಟ್ಟೆ. ಹೊಟ್ಟೆ ಬಿಳಿ, ಕೊಕ್ಕಿನ ಮೇಲೆ ದೊಡ್ಡ ಶಿರಸ್ತ್ರಾಣ, ಅದರಲ್ಲಿ ಕಪ್ಪು ಮಚ್ಚೆ; ಗುರುತು ಹಿಡಿಯಲು ಇಷ್ಟು ಸಾಕು. ನಾರ್ಕೊಂಡಮ್ ಹಕ್ಕಿಯ ಹೊಟ್ಟೆ ಕಪ್ಪು, ಬಾಲ ಇಡೀ ಬಿಳಿ. ಗಂಡಿನ ತಲೆ, ಕತ್ತು ಇಟ್ಟಿಗೆಗೆಂಪು, ಹೆಣ್ಣಿನದು ಕಪ್ಪು. ಕೊಕ್ಕಿನ ಮೇಲಿನ ಉಬ್ಬು ತೀರಾ ಚಿಕ್ಕದು.

ಸಂದೇಶ ನಂಬಿ ಹೊರಟವರು ನಿರಾಶರಾಗುವುದಕ್ಕಿಂತ ನನಗೆ ಹೆಚ್ಚು ಚಿಂತೆ ಇನ್ನೊಂದು. ಎಲ್ಲೆಡೆ ಸಿಗುವ ಹಕ್ಕಿ ಎಂಬ ಭಾವನೆ ಹರಡಿದರೆ, ಆ ಒಂದೇ ಕಾಡಿಗೆ ಧಕ್ಕೆಯಾದಾಗ ದನಿ ಎತ್ತುವವರು ಯಾರು? ಗೂಡಿಗೆ ಅಲ್ಲಿನ ಹಳೆಯ ಮರಗಳ ಪೊಟರೆಯೇ ಬೇಕು.

ಅಂಡಮಾನಿಗೆ ಹೋಗುವವರು ಪೋರ್ಟ್ ಬ್ಲೇರ್ ಬಳಿಯ ಚಿಡಿಯಾ ಟಾಪುವಿಗೆ ನಸುಕಿನಲ್ಲೇ ಹೋಗಿ. ಅಂಡಮಾನಿಗೇ ಮೀಸಲಾದ ಕಪ್ಪು ಮರಕುಟಿಗ ಅಲ್ಲಿ ಕಾಂಡ ಕುಟ್ಟುವ ಸದ್ದು ಕೇಳಿಸಬಹುದು.