'ಎಲ್ಲ ರೈತರೂ' ಅನ್ನಬೇಡಿ

"ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ರೈತರೆಲ್ಲ ಕೋಟ್ಯಧಿಪತಿಗಳಾದರು" ಅಂತ ಬರೆದಿದ್ದೀರಿ. ಆ 'ಎಲ್ಲ' ಅನ್ನೋ ಪದಕ್ಕೇ ನನ್ನ ತಕರಾರು. ನಿಲ್ದಾಣ ಶುರುವಾದದ್ದು 2008ರಲ್ಲಿ. ನಮ್ಮ ದೊಡ್ಡಪ್ಪ ಅದಕ್ಕೂ ಮೊದಲೇ ಮಗಳ ಮದುವೆಗೆ ಅಂತ ಎರಡು ಎಕರೆ ಮಾರಿದ್ದರು. ಲಾಭ ಆದದ್ದು ನಡುವೆ ಕೊಂಡು ಮಾರಿದವರಿಗೆ. ಇನ್ನು ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾರೋಕೆ ಏನಿತ್ತು ಹೇಳಿ? ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಅಲ್ವಾ?

ದುಡ್ಡೇ ಮುಖ್ಯವಾಗಿದ್ದರೆ ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ 1,777 ಎಕರೆ ಉಳಿಸಿಕೊಳ್ಳೋಕೆ ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂರುತ್ತಿದ್ದರಾ? ಕೊನೆಗೆ 2025ರ ಜುಲೈನಲ್ಲಿ ಸರ್ಕಾರವೇ ಆ ಸ್ವಾಧೀನ ಕೈಬಿಟ್ಟಿತು. ಅಲ್ಲಿರುವುದು ದ್ರಾಕ್ಷಿ, ರೇಷ್ಮೆ, ತರಕಾರಿ, ಹಾಲು. ಆಗಾಗ ಕೈಗೆ ಕಾಸು ಬರುವ ಬೇಸಾಯ. ನೀವು ಅದನ್ನು 'ಬರಡು ನೆಲ' ಅಂದುಬಿಟ್ಟಿದ್ದೀರಿ. ಸುಮ್ನೆ ಒಂದು ಸಲ ಹೋಗಿ ನೋಡಿ ಬನ್ನಿ.

ಕೆಲಸ ಸಿಕ್ಕಿದ್ದು ನಿಜ, ಒಪ್ಪುತ್ತೇನೆ. ನನ್ನ ತಮ್ಮನೇ ಅಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಆದರೆ ಚಕ್ಕೋತ? ಜಿಐ ಮಾನ್ಯತೆ, ಅಂದರೆ ಈ ಊರಿನದೇ ವಿಶೇಷ ಅನ್ನೋ ಅಧಿಕೃತ ಗುರುತು, ಇರುವ ನಮ್ಮೂರ ಹಣ್ಣು ಅದು. ದೊಡ್ಡಪ್ಪನ ಹಿತ್ತಲಲ್ಲಿ ನಾಲ್ಕು ಮರ ಇದ್ದವು. ಈಗ ಆ ಜಾಗ ಕಾರ್ ಪಾರ್ಕಿಂಗ್. ಕಳೆದ ಹಬ್ಬಕ್ಕೆ ಚಕ್ಕೋತ ತಂದದ್ದು ಬೆಂಗಳೂರಿನ ಅಂಗಡಿಯಿಂದ.