ಕೇಳುಗರೊಬ್ಬರನ್ನು ಬಿಟ್ಟು ಉಳಿದೆಲ್ಲ ಸಿದ್ಧ

ಪಾಡ್‌ಕಾಸ್ಟ್ ಎಂಬ, ಮಾತನ್ನು ಮುದ್ರಿಸಿ ಕಂತುಕಂತಾಗಿ ಇಂಟರ್ನೆಟ್ಟಿಗೆ ಏರಿಸುವ ಹವ್ಯಾಸದ ಮೇಲೆ ಯಾರು ಯಾವ ಆರೋಪವನ್ನಾದರೂ ಹೊರಿಸಲಿ, ಅದು ಕೇಳುಗರಿಗೆ ತೊಂದರೆ ಕೊಡುತ್ತದೆ ಎಂಬ ಮಾತು ಮಾತ್ರ ಶುದ್ಧ ಸುಳ್ಳು. ಕೇಳುಗರ ಅಗತ್ಯವೇ ಬೀಳದಂತೆ ಇಷ್ಟು ಜಾಣತನದಿಂದ ರೂಪುಗೊಂಡ ಶ್ರವ್ಯ ಮಾಧ್ಯಮ ಇನ್ನೊಂದಿಲ್ಲ. ಇದು ಅದರ ಹುಟ್ಟುಗುಣ. 2001ರ ಸುಮಾರಿಗೆ ಅಮೆರಿಕದ ತಂತ್ರಾಂಶಕಾರ ಡೇವ್ ವೈನರ್, ಜಾಲತಾಣದ ಹೊಸ ಬರಹಗಳನ್ನು ಚಂದಾದಾರರಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಫೀಡಿಗೆ ಧ್ವನಿಯ ಫೈಲನ್ನೂ ಲಗತ್ತಿಸುವ ಏರ್ಪಾಡು ಮಾಡಿದಾಗ, ಇಂಟರ್ನೆಟ್ ಆಮೆವೇಗದಲ್ಲಿದ್ದ ಆ ದಿನಗಳಲ್ಲಿ, ದೊಡ್ಡ ಫೈಲುಗಳು ಮನುಷ್ಯ ಮಲಗಿದ್ದಾಗ ತಮ್ಮಷ್ಟಕ್ಕೆ ತಾವೇ ಕಂಪ್ಯೂಟರಿಗೆ ಇಳಿದಿರಲಿ ಎಂಬುದೇ ಅದರ ಹಿಂದಿನ ಆಲೋಚನೆಯಾಗಿತ್ತು. 2005ರ ಜೂನ್‌ನಲ್ಲಿ ಆಪಲ್ ತನ್ನ ಸಂಗೀತ ತಂತ್ರಾಂಶ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ಈ ಸೌಕರ್ಯ ಲೋಕಕ್ಕೆಲ್ಲ ಹಬ್ಬಿತು. ಮಲಗಿದ್ದವನು ಎದ್ದ ಮೇಲೆ ಕೇಳಿದನೇ ಎಂದು ವಿಚಾರಿಸುವ ಏರ್ಪಾಡು ಮಾತ್ರ ಆ ಫೀಡಿನಲ್ಲಿರಲಿಲ್ಲ.

ಇಂಥ ಮಾಧ್ಯಮಕ್ಕೆ ನಡೆಯುವ ಸಿದ್ಧತೆಯಾದರೋ ಆಕಾಶವಾಣಿಯನ್ನೇ ನಾಚಿಸುವಂಥದ್ದು. ಹೊಸಬನು ಮೊದಲು ಕೊಳ್ಳುವುದು ದುಬಾರಿಯ ಕಂಡೆನ್ಸರ್ ಮೈಕನ್ನು. ಅದು ಅವನ ಧ್ವನಿಯ ಜೊತೆಗೆ ಫ್ಯಾನಿನ ಗುಂಯ್‌ಗುಡುವಿಕೆಯನ್ನೂ ಪಕ್ಕದ ಮನೆಯ ಬಾಗಿಲಿನ ಸದ್ದನ್ನೂ ಅಷ್ಟೇ ನಿಷ್ಪಕ್ಷಪಾತದಿಂದ ದಾಖಲಿಸಿಕೊಳ್ಳುತ್ತದೆ. ಆಗ ಗೋಡೆಗೆ ಮೊಟ್ಟೆಯ ಟ್ರೇಗಳು ಅಂಟಿಕೊಳ್ಳುತ್ತವೆ. ಸದ್ದನ್ನು ಹೀರುವಷ್ಟು ದಪ್ಪ ಅವಕ್ಕಿಲ್ಲ ಎಂದು ಅರಿವಾಗುವ ಹೊತ್ತಿಗೆ ಗೋಡೆಯ ಬಣ್ಣ ಕಿತ್ತುಬಂದಿರುತ್ತದೆ. ಕೊನೆಗೆ ಗತಿಯಾಗುವುದು ಬಟ್ಟೆಯ ಬೀರುವೇ, ಏಕೆಂದರೆ ನೇತುಹಾಕಿದ ಬಟ್ಟೆಗಳು ಪ್ರತಿಧ್ವನಿಯನ್ನು ನಿಜಕ್ಕೂ ತಗ್ಗಿಸುತ್ತವೆ. ಫ್ಯಾನ್ ಆರಿಸಿ, ಅರ್ಧ ದೇಹವನ್ನು ಬೀರುವಿನೊಳಗೆ ತೂರಿಸಿ, ಅಂಗಿಯೊಂದರ ತೋಳು ಮೂಗಿಗೆ ತಾಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಬೆವರು ಸುರಿಸುತ್ತಾ ಅವನು ‘ಜಗತ್ತಿನ ಮೂಲೆಮೂಲೆಯ ನಮ್ಮ ಕೇಳುಗರಿಗೆ ಸ್ವಾಗತ’ ಎನ್ನುವಾಗ ಕಂಠದಲ್ಲಿ ಮೂಡುವ ಗಾಂಭೀರ್ಯವನ್ನು ನಾನಂತೂ ಲೇವಡಿ ಮಾಡಲಾರೆ. ಅಷ್ಟು ಕಷ್ಟಪಟ್ಟು ಗಂಭೀರನಾಗುವವನು ಗೌರವಕ್ಕೆ ಅರ್ಹನೇ.

ಅತಿಥಿಗಳಿಗೆ ಬರವಿಲ್ಲ, ಅತಿಥಿಗಳೂ ಪಾಡ್‌ಕಾಸ್ಟ್ ನಡೆಸುವವರೇ. ಈ ವಾರ ಇವನಲ್ಲಿಗೆ ಅವನು, ಮುಂದಿನ ವಾರ ಅವನಲ್ಲಿಗೆ ಇವನು, ಮುಯ್ಯಿಗೆ ಮುಯ್ಯಿ. ಒಬ್ಬರ ಕಂತನ್ನು ಇನ್ನೊಬ್ಬರು ಕೇಳಿರುವುದಿಲ್ಲವಾದ್ದರಿಂದ ‘ನಿಮ್ಮ ಪಯಣ ಹೇಗೆ ಶುರುವಾಯಿತು’ ಎಂಬ ಪ್ರಶ್ನೆ ಎರಡೂ ಕಡೆ ಹೊಸದಾಗಿಯೇ ಉಳಿಯುತ್ತದೆ.

ಹಾಗಾದರೆ ಯಾರೂ ಕೇಳುವುದೇ ಇಲ್ಲವೇ? ಒಬ್ಬನು ಕೇಳುತ್ತಾನೆ, ಅದೂ ಬೇರೆ ದಾರಿಯಿಲ್ಲದೆ: ಎಡಿಟ್ ಮಾಡಲು ಕುಳಿತ ಅದೇ ನಿರೂಪಕ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಮಾತೆಲ್ಲ ಅಲೆಗಳ ಚಿತ್ರವಾಗಿ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆ ಉಬ್ಬಿದ ಕದಿರಿನಂತೆ ಕಾಣುವ ತನ್ನ ‘ಊಂ’ಗಳನ್ನು ಕೇಳದೆಯೇ ಗುರುತಿಸಿ ಕತ್ತರಿಸುವ ಪರಿಣತಿ ಅವನಿಗೆ ಬೇಗನೆ ಸಿದ್ಧಿಸುತ್ತದೆ. ಅತಿಥಿಯು ಒಂದು ಒಳ್ಳೆಯ ಸಂಗತಿಯನ್ನು ಹೇಳಲೆಂದು ಉಸಿರೆಳೆದುಕೊಂಡ ಕ್ಷಣದಲ್ಲೇ ತಾನು ‘ಖಂಡಿತ, ಖಂಡಿತ, ನನಗೂ ಹಾಗೇ ಆಗಿತ್ತು’ ಎಂದು ನುಗ್ಗಿದ್ದು ಅವನಿಗೆ ತಿಳಿಯುವುದೂ ಅಲ್ಲಿಯೇ. ಯಾವ ತಂತ್ರಾಂಶವೂ ಇದನ್ನು ಸರಿಪಡಿಸದು, ಏಕೆಂದರೆ ಉಳಿಸಿಕೊಳ್ಳಬೇಕಾದ ಮಾತು ಅತಿಥಿಯ ಬಾಯಿಂದ ಹೊರಬಿದ್ದೇ ಇರುವುದಿಲ್ಲ. (ತಾವು ನಡೆಸಿದ ಚರ್ಚೆಯನ್ನು ತಾವೇ ಪೂರ್ತಿ ಕೇಳಬೇಕೆಂಬ ಈ ಶಿಕ್ಷೆಯನ್ನು ಟಿವಿ ನಿರೂಪಕರಿಗೂ ಕಡ್ಡಾಯ ಮಾಡುವುದಾದರೆ ಮನವಿಪತ್ರಕ್ಕೆ ಮೊದಲ ಸಹಿ ನನ್ನದು.)

ಕಂತು ಹೊರಬಂದ ಮೇಲೆ ಉಳಿಯುವುದು ಅಂಕಿಗಳ ಉಪಾಸನೆ. ಜಾಹೀರಾತು ಉದ್ಯಮದ ಸಂಘವಾದ ಇಂಟರಾಕ್ಟಿವ್ ಅಡ್ವರ್ಟೈಸಿಂಗ್ ಬ್ಯೂರೋದ ಮಾರ್ಗಸೂಚಿಯಂತೆ ಕನಿಷ್ಠ ಒಂದು ನಿಮಿಷದಷ್ಟು ಧ್ವನಿ ಇಳಿದರೆ ಅದು ಒಂದು ಡೌನ್‌ಲೋಡ್ ಎನಿಸಿಕೊಳ್ಳುತ್ತದೆ. ಒಂದೂವರೆ ಗಂಟೆಯ ಕಂತಿನ ಮೊದಲ ನಿಮಿಷವೆಂದರೆ ಆರಂಭದ ಸಂಗೀತವೂ ಸ್ವಾಗತದ ಮಾತೂ ಇನ್ನೂ ಮುಗಿದಿರದ ಹೊತ್ತು. ಆ ನಿಮಿಷವನ್ನು ಕೂಡ ಕಿವಿ ಕೇಳಬೇಕೆಂದಿಲ್ಲ, ಫೋನು ಇಳಿಸಿಕೊಂಡರೆ ಸಾಕು. 2023ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 17 ಬಂದಾಗ, ಬಹುಕಾಲ ಬಿಟ್ಟು ಮತ್ತೆ ಕೇಳಲು ಬಂದವರ ಫೋನಿಗೆ ನಡುವೆ ತಪ್ಪಿದ ಕಂತುಗಳನ್ನೆಲ್ಲ ತಾನಾಗಿ ತಂದು ಸುರಿಯುವ ಪದ್ಧತಿಯನ್ನು ಆಪಲ್ ಕೈಬಿಟ್ಟಿತು. ಹೆಸರಾಂತ ಕಾರ್ಯಕ್ರಮಗಳ ಅಂಕಿಗಳೂ ಕುಸಿದವು. ಒಬ್ಬನೇ ಒಬ್ಬ ಕೇಳುಗನೂ ಎದ್ದು ಹೋಗಿರಲಿಲ್ಲ. ಚಕ್ಕರ್ ಹೊಡೆದವರ ಪರವಾಗಿ ಅಷ್ಟು ದಿನ ಹಾಜರಿ ಹಾಕುತ್ತಿದ್ದ ಫೋನು ಆ ಕೆಲಸ ನಿಲ್ಲಿಸಿತ್ತು, ಅಷ್ಟೆ.

ಹವ್ಯಾಸಿಗಳಲ್ಲಿ ಬಹಳ ಮಂದಿ ಬೆರಳೆಣಿಕೆಯ ಕಂತುಗಳಿಗೇ ಸುಸ್ತಾಗುತ್ತಾರೆ. ಅವರಾರೂ ವಿದಾಯ ಹೇಳುವುದಿಲ್ಲ. ‘ಎರಡನೆಯ ಸೀಸನ್ ಶೀಘ್ರದಲ್ಲೇ’ ಎಂಬ ಫಲಕ ನೇತಾಡುತ್ತಿರುತ್ತದೆ. ಪಟ್ಟು ಬಿಡದೆ ಉಳಿದವರಿಗೆ ಈಗ ಸಿಗುತ್ತಿರುವ ಉಪದೇಶವೆಂದರೆ ಕ್ಯಾಮೆರಾ ಇಡಿ, ದೀಪ ಹಾಕಿ, ಅರ್ಧ ನಿಮಿಷದ ತುಣುಕುಗಳನ್ನು ಹರಿಯಬಿಡಿ ಎಂಬುದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಕಂತಿನ ಗೋಜಿಗೇ ಹೋಗುವುದನ್ನು ಬಿಟ್ಟಿದ್ದಾರೆ. ಹೆಡ್‌ಫೋನ್ ಧರಿಸಿ, ಯಾವುದಕ್ಕೂ ಜೋಡಿಸದ ಮೈಕಿನ ಮುಂದೆ ಕುಳಿತು, ಎದುರಿಗಿಲ್ಲದ ನಿರೂಪಕನತ್ತ ತಲೆಯಾಡಿಸುತ್ತಾ, ನಡೆದೇ ಇರದ ಸಂದರ್ಶನವೊಂದರ ಉತ್ತರವನ್ನು ಅವರು ಕ್ಯಾಮೆರಾಕ್ಕೆ ಕೊಡುತ್ತಾರೆ. ಆ ತುಣುಕುಗಳನ್ನು ಜನ ಬೆರಳಿನಿಂದ ಮೇಲಕ್ಕೆ ತಳ್ಳುವ ಮುನ್ನ ಒಂದೆರಡು ಕ್ಷಣ ನೋಡುವುದೂ ಉಂಟು. ಧ್ವನಿಯನ್ನು ಪೂರ್ತಿ ಬಂದ್ ಮಾಡಿ, ಕೆಳಗೆ ಮೂಡುವ ಅಕ್ಷರಗಳನ್ನು ಓದಿಕೊಂಡು.